ಗದಿಗೆಮ್ಮನ ಕನ್ನಡದಲ್ಲಿ ಅಬ್ರಹಾಮ

ನನ್ನ ಚಿಗವ್ವ ಗದಿಗೆಮ್ಮ ಮಾನ್ವಿ ಕಡೆಯ ಹಳ್ಳಿಯಿಂದ ಹೈದರಾಬಾದಿಗೆ ಬಂದದ್ದು ಕಟ್ಟಡದ ಕೆಲಸಕ್ಕೆ. ಇಲ್ಲಿಯೇ ದೀಕ್ಷಾಸ್ನಾನ ಪಡೆದಳು. ಆಗ ಪಾಸ್ಟರು ಮಾರ್ಥಾ ಎಂದು ಹೆಸರಿಡಲು ಹೋದರಂತೆ. “ಗದಿಗೆಮ್ಮ ಅಂದ್ರ ದೇವರಿಗಿ ತಿಳಿಯೂದಿಲ್ಲೇನ್ರಿ?” ಎಂದು ಕೇಳಿ ಹಳೆಯ ಹೆಸರನ್ನೇ ಉಳಿಸಿಕೊಂಡಳು.

ಕೂಕಟ್‌ಪಲ್ಲಿಯ ಫ್ಲಾಟುಗಳ ಹಿಂದೆ, ಮಳೆನೀರು ಹರಿಯುವ ನಾಲೆಯ ದಂಡೆಯ ಮೇಲೆ ಅವಳಿರುವ ಬಸ್ತಿ, ಗುಡಿಸಲುಗಳ ಕೇರಿ. ಅಲ್ಲಿರುವವರಲ್ಲಿ ರಾಯಚೂರು, ಯಾದಗಿರಿ ಕಡೆಯ ಕೂಲಿಕಾರರೇ ಹೆಚ್ಚು. ಅವರಿಗೊಂದು ತಗಡಿನ ಚರ್ಚು. ಪಾಸ್ಟರು ತೆಲುಗಿನವರು. ಅಂಗಡಿಯ ತೆಲುಗು ಎಲ್ಲರಿಗೂ ಬರುತ್ತದೆ, ಬೋಧನೆಯ ತೆಲುಗು ವಯಸ್ಸಾದವರಿಗೆ ಹತ್ತುವುದಿಲ್ಲ. ಅದಕ್ಕೇ ಬೋಧಕರ ಪಕ್ಕದಲ್ಲಿ ಒಬ್ಬರು ನಿಂತು, ಅವರು ಒಂದು ವಾಕ್ಯ ಹೇಳಿ ತಡೆದಾಗ ಅದನ್ನು ಕನ್ನಡದಲ್ಲಿ ಹೇಳುವ ರೂಢಿ ಬಂದಿದೆ. ಆ ಜಾಗ ಚಿಗವ್ವನದು. ಬೋಧಕರು ಗುಡುಗಿದರೆ ಇವಳೂ ಗುಡುಗಬೇಕು, ಅತ್ತರೆ ಇವಳ ದನಿಯೂ ಒದ್ದೆಯಾಗಬೇಕು. ಅವರು ‘ನಾನು’ ಎಂದರೆ ಇವಳೂ ‘ನಾನು’ ಎನ್ನಬೇಕು. ಒಮ್ಮೆ ಹೊರಗಿನಿಂದ ಬಂದ ಬೋಧಕರು ತಮ್ಮ ಹೆಂಡತಿ ತೀರಿಕೊಂಡದ್ದನ್ನು ಹೇಳುತ್ತಿದ್ದರು. “ನನ್ನ ಹೆಂಡ್ತಿ ಸತ್ತಾಗ” ಎಂದು ಇವಳು ಶುರುಮಾಡಿದಳು. ಪಕ್ಕದ ಮನೆಯ ಗಂಗಾಬಾಯಿ ಸೆರಗು ಬಾಯಿಗಿಟ್ಟುಕೊಂಡು, “ಲಗ್ನಕ್ಕ ನಮ್ಮನ್ನ ಕರೀಲೇ ಇಲ್ಲಲ್ಲ!” ಎಂದಳು. ಚಿಗವ್ವ ನಗಲಿಲ್ಲ. ಬೋಧಕರ ದುಃಖ ಮುಗಿಯುವವರೆಗೆ ಅವಳ ಕಣ್ಣಲ್ಲಿಯೂ ನೀರಿತ್ತು.

ತಾರ್ನಾಕದ ವಿಶ್ವವಿದ್ಯಾಲಯದಲ್ಲಿ ಓದುವಾಗ ನಾನು ಇದ್ದದ್ದು ಅವಳ ಮನೆಯಲ್ಲಿ. ಹಾಗಾಗಿ ಆ ಭಾನುವಾರ ನಾನೂ ಚರ್ಚಿನಲ್ಲಿದ್ದೆ.

ನಗರದ ಚುನಾವಣೆ ಹತ್ತಿರವಿತ್ತು. ದಯಾಸಾಗರ ಎಂಬ ಸ್ಥಳೀಯ ನಾಯಕರು ಆರಾಧನೆಗೆ ಬಂದಿದ್ದರು. ಅವರೂ ಕ್ರೈಸ್ತರೇ, ಬೈಬಲ್ಲನ್ನು ಚೆನ್ನಾಗಿ ಓದಿಕೊಂಡವರು. ನಾಲೆ ಅಗಲ ಮಾಡಲು ಬಸ್ತಿ ತೆರವಾಗಬೇಕು, ಬದಲಿಗೆ ರಿಂಗ್ ರೋಡಿನ ಆಚೆ ಎಲ್ಲರಿಗೂ ಡಬಲ್ ಬೆಡ್‌ರೂಂ ಮನೆ ಸಿಗುತ್ತದೆ ಎಂಬುದು ಅವರ ಮಾತು. ಬಸ್ತಿಯಲ್ಲಿ ದೊಡ್ಡ ಗುಂಪು ಈ ಚರ್ಚಿನ ಸಭೆಯದೇ. ಇವರು ಕೈಯೆತ್ತಿದರೆ ಉಳಿದವರೂ ಒಪ್ಪುತ್ತಾರೆಂದು ಅವರಿಗೆ ಗೊತ್ತಿತ್ತು.

ಅವರು ತೆಲುಗಿನಲ್ಲಿ ಅಬ್ರಹಾಮನ ಕಥೆ ತೆಗೆದರು. ಚಿಗವ್ವ ಅದನ್ನು ಕನ್ನಡಕ್ಕೆ ತಂದಳು: “ಏಳಪಾ ಅಬ್ರಹಾಮ, ನಿನ್ನ ನೆಲಾ ಬಿಡು, ನಿಮ್ಮಪ್ಪನ ಮನಿ ಬಿಡು, ನಾ ತೋರಿಸೋ ನಾಡಿಗಿ ನಡಿ ಅಂದ ದೇವರು. ಯಾಕ, ಎಲ್ಲಿಗಿ ಅಂತ ಅವ ಕೇಳಿದ್ನೇನು? ಗಂಟು ಕಟ್ಟಿದ, ನಡದ!”

ತೆಲುಗಿನಲ್ಲಿ ಅದು ಅಬ್ರಹಾಮನ ಕಥೆಯಾಗಿತ್ತು, ಅವಳ ಬಾಯಲ್ಲಿ ಅಲ್ಲಿ ಕೂತವರದೇ ಕಥೆಯಾಯಿತು. ಗಂಟು ಕಟ್ಟಿಕೊಂಡು ಊರು ಬಿಟ್ಟು ಬಂದವರು ತಾನೇ ಎಲ್ಲರೂ. ಹೆಂಗಸರು ಮೂಗು ಒರೆಸಿಕೊಂಡರು. “ಆಮೆನ್” ಎಂಬ ಕೂಗಿಗೆ ತಗಡು ಝಲ್ಲೆಂದಿತು. ಸಭೆಯ ಹಿರಿಯ ಹಂಪಯ್ಯ ಎದ್ದು, “ಒಪ್ಪಿದವ್ರು ಕೈ ಎತ್ರಿ” ಎಂದ. ಕೈಗಳು ಏಳತೊಡಗಿದವು.

ಚಿಗವ್ವ ಏಳುತ್ತಿದ್ದ ಕೈಗಳತ್ತ ತಿರುಗಿದಳು. ಬೆಳಗ್ಗೆ ಮೇಸ್ತ್ರಿಗಳು ಬಂದು ಕೂಲಿಯವರನ್ನು ಆರಿಸಿಕೊಳ್ಳುವ ಅಡ್ಡೆ ಇರುವುದು ಕೂಕಟ್‌ಪಲ್ಲಿಯಲ್ಲಿ. ರಿಂಗ್ ರೋಡಿನ ಆಚೆ ಹೋದರೆ ಕೂಲಿ ತಪ್ಪುತ್ತದೆ. ಕೈಗಳು ಏಳುತ್ತಿದ್ದದ್ದು ತನ್ನ ದನಿಗೆ ಎಂಬುದೂ ಅವಳಿಗೆ ಹೊಳೆದಿತ್ತು.

“ಹಂಪಣ್ಣ, ಒಂಚೂರು ತಡೀರಿ. ನಂದೊಂದು ಸಾಕ್ಷಿ ಐತಿ.”

ದೇವರ ಬಗ್ಗೆ ತನ್ನ ಅನುಭವದ ಸಾಕ್ಷಿ ಹೇಳುತ್ತೇನೆಂದು ಯಾರು ಎದ್ದರೂ ನಮ್ಮ ಚರ್ಚಿನಲ್ಲಿ ತಡೆಯುವಂತಿಲ್ಲ. ಅವಳು ವೇದಿಕೆ ಇಳಿದು ಹೆಂಗಸರ ಚಾಪೆಯ ಮೇಲೆ ಹೋಗಿ ನಿಂತಳು.

“ಇಷ್ಟೊತ್ತು ಮಾತಾಡಿದವ್ರು ಸಾಹೇಬ್ರು. ಬಾಯಿ ಅಷ್ಟ ನಂದು. ಈಗಿಂದು ನನ್ನ ಮಾತು. ಅಬ್ರಹಾಮಗ ನಡಿ ಅಂದಾವ ದೇವರು. ನಮಗ ನಡಿ ಅನ್ನಾಕತ್ತಾವ್ರು ದೇವರಲ್ಲ. ಅಹಾಬ ಅರಸ ನಾಬೋತನ ದ್ರಾಕ್ಷಿ ತ್ವಾಟ ಕೇಳಿದಾಗ, ಇದಕ್ಕಿಂತ ಚಲೋದು ಕೊಡ್ತೀನಿ ಅಂತನ ಕೇಳಿದ್ದ. ನಾಬೋತ ಒಲ್ಲೆ ಅಂದ. ಅವನೂ ದೇವರ ಮನುಷ್ಯಾನ. ನಾನೂ ಒಲ್ಲೆ.”

ಪಾಸ್ಟರು ಅದನ್ನು ದಯಾಸಾಗರರ ಕಿವಿಯಲ್ಲಿ ತೆಲುಗಿನಲ್ಲಿ ಹೇಳಿದರು. ಅವರು ಸಿಟ್ಟಾಗಲಿಲ್ಲ. ಇದಕ್ಕೆ ತಮ್ಮ ಬಳಿ ಉತ್ತರವಿದೆ, ಅದನ್ನು ಕನ್ನಡದಲ್ಲಿ ಹೇಳಲು ಅಮ್ಮ ಮತ್ತೆ ಮೇಲೆ ಬರಬೇಕು ಎಂದು ನಗುತ್ತ ಕರೆದರು.

ಚಿಗವ್ವ ಮತ್ತೆ ಮೇಲೆ ಹೋಗಿ ಪಕ್ಕದಲ್ಲಿ ನಿಂತಳು.

“ನಾಬೋತಂದು ಅಪ್ಪ ಅಜ್ಜರ ತ್ವಾಟ,” ಎಂದು ಅವರ ಮಾತನ್ನು ಗುಡುಗಿದಳು. “ನಿಮ್ಮದೇನು ಅಜ್ಜನ ನೆಲಾನ ಇದು? ನೀವು ದುಡಿಯಾಕ ಬಂದವ್ರು! ಹೋದ ಪಟ್ಟಣದಾಗ ಮನಿ ಕಟ್ಕೊಂಡು, ಆ ಪಟ್ಟಣದ ಒಳ್ಳೇದು ಬಯಸ್ರಿ ಅಂತ ಯೆರೆಮೀಯ ಪ್ರವಾದಿ ಹೇಳ್ಯಾನ. ನಾಲಿ ಅಗಲ ಆಗದ ಮಳಿ ನೀರು ಊರೊಳಗ ನುಗ್ಗಿದ್ರ ಅದು ಯಾರಿಗಿ ಒಳ್ಳೇದು?” ಹೀಗೆ ಹೇಳುವಾಗ ಅವಳ ಬೆರಳು, ಸ್ವಲ್ಪ ಮುಂಚೆ ತಾನೇ ನಿಂತಿದ್ದ ಚಾಪೆಯ ಕಡೆಗಿತ್ತು.

ಗಂಗಾಬಾಯಿಗೆ ತಡೆಯಲಾಗಲಿಲ್ಲ. “ಯವ್ವಾ, ನಿನಗ ನೀನ ಬೈಕೊಳ್ಳಾಕತ್ತೀಯಲ್ಲ!”

“ಸುಮ್ಮಕಿರು. ಇದು ಸಾಹೇಬ್ರ ಮಾತು, ಇನ್ನಾ ಮುಗಿದಿಲ್ಲ.”

ಇಡೀ ಸಭೆ ನಕ್ಕಿತು. ದಯಾಸಾಗರರೂ ನಕ್ಕರು. ಇನ್ನೂ ಎತ್ತಿಯೇ ಇದ್ದ ಕೆಲವು ಕೈಗಳೂ ನಗುವಿನಲ್ಲಿ ತಾವಾಗಿ ಇಳಿದವು. ಹಂಪಯ್ಯ ಗಡ್ಡ ಕೆರೆದುಕೊಂಡು ಹೇಳಿದ: “ಇಬ್ಬರ ಮಾತೂ ಬೈಬಲ್ಲಿನ್ಯಾಗಿಂದನ ಬಂತು. ಅಂದ್ರ ಮನಿ ವಿಚಾರ ದೇವರು ನಮಗ ಬಿಟ್ಟಾನ. ಮೊದ್ಲ ಆ ಮನಿ ನೋಡ್ಕೊಂಡು ಬರೂಣು.”

ಹೊರಡುವಾಗ ದಯಾಸಾಗರರು ಚಿಗವ್ವನ ಬಳಿ ನಿಂತು, ತಮಗೆ ಕನ್ನಡ ಬರುವುದಿಲ್ಲ, ಆಕೆ ಮಾತು ತಿರುಚಿದ್ದರೂ ತಿಳಿಯುತ್ತಿರಲಿಲ್ಲ ಎಂದರು. ಅವಳು ತೆಲುಗಿನಲ್ಲಿ ಉತ್ತರಿಸಿದಳು. ಮನೆಗೆ ಬಂದ ಮೇಲೆ ನಾನು ಕೇಳಿದ್ದಕ್ಕೆ ಕನ್ನಡದಲ್ಲಿಯೂ ಹೇಳಿದಳು: “ಅವರ ಮಾತು ಕೆಡಿಸಿದ್ರ, ನನ್ನ ಮಾತಿಗಿ ಏನು ಬೆಲಿ ಉಳೀತಿತ್ತು?”

ಬೈಬಲ್ಲಿಗೆ ಅವಳು ಹೇಳಿದ ಅರ್ಥವೇ ಸರಿ, ಅವರದು ತಪ್ಪು ಎಂದು ನಾನು ಬರೆಯಲಾರೆ. ವಲಸಿಗರ ಬಗ್ಗೆ ಅವರು ಆಡಿದ್ದರಲ್ಲಿಯೂ ನಿಜವಿತ್ತು. ನಾಲೆಯ ನೀರು ಮಳೆಗಾಲದಲ್ಲಿ ಬಸ್ತಿಗೂ ನುಗ್ಗುತ್ತದೆ. ಆದರೆ ತನ್ನನ್ನು ಸೋಲಿಸಬಹುದಾದ ವಾದವನ್ನು ಒಂದು ಪದವೂ ಕೆಡದಂತೆ ತನ್ನ ಜನರಿಗೆ ತಲುಪಿಸಿದಳಲ್ಲ, ಅಂಥವಳ ಮನೆಯ ಅನ್ನ ಉಂಡು ಓದಿದವನು ನಾನು ಎಂಬ ಹೆಮ್ಮೆ ನನಗಿದೆ.

ಮುಂದಿನ ಭಾನುವಾರ ಎಲ್ಲರೂ ಒಂದು ಲಾರಿ ಹತ್ತಿ ಹೋದೆವು. ಮನೆಗಳು ಚೆನ್ನಾಗಿದ್ದವು. ಬಿಸಿಲು ಬೀಳುವ ಬಾಲ್ಕನಿ ಕಂಡು ಗಂಗಾಬಾಯಿ ಅಲ್ಲೇ ಕೂತುಬಿಟ್ಟಳು. ಅಲ್ಲಿನ ಕಾವಲುಗಾರನನ್ನು ಬಸ್ಸಿನ ಬಗ್ಗೆ ಕೇಳಿದೆವು. ಅಲ್ಲಿಂದ ಹೊರಡುವ ಮೊದಲ ಬಸ್ಸು ಕೂಕಟ್‌ಪಲ್ಲಿ ತಲುಪುವಷ್ಟರಲ್ಲಿ ಅಡ್ಡೆಯಲ್ಲಿ ಕೂಲಿಯವರನ್ನು ಆರಿಸಿ ಮುಗಿದಿರುತ್ತದೆಂದು ತಿಳಿಯಿತು. ಅದರ ಮೇಲೆ ಸಭೆ ಕೂಡಿ ತೀರ್ಮಾನ ಮಾಡಿತು.

ದಯಾಸಾಗರರು ಉತ್ತರ ಕೇಳಲು ಬಂದಾಗ ಹಂಪಯ್ಯ ಕನ್ನಡದಲ್ಲಿ ಮಾತಾಡಿದ. ಚಿಗವ್ವ ಅವನ ಪಕ್ಕದಲ್ಲಿ ನಿಂತು ತೆಲುಗಿನಲ್ಲಿ ಹೇಳಿದಳು: ಮನೆ ಇಷ್ಟವಾದವರು ಹೋಗುತ್ತಾರೆ. ಅಡ್ಡೆಯ ಮೇಲೆ ಬದುಕುವವರು, ಕೂಕಟ್‌ಪಲ್ಲಿಯ ಹತ್ತಿರ ಮನೆ ಸಿಗುವವರೆಗೆ ಇಲ್ಲಿಂದ ಕದಲುವುದಿಲ್ಲ. ಎರಡನ್ನೂ ನಾವೇ ಯೋಚಿಸಿ ಹೇಳುತ್ತಿದ್ದೇವೆ.