ಪಾತ್ರೆ ಅಂಗಡಿಯಮ್ಮನ ಶಿಫಾರಸು

ಅವರ ಬಲಗೈ ನಡುಬೆರಳಿನ ಗೆಣ್ಣು ಉಳಿದವಕ್ಕಿಂತ ದಪ್ಪಗಿತ್ತು, ಕಪ್ಪಗಿತ್ತು, ಮುಟ್ಟಿದರೆ ಒರಟು. ಬಾಡಿಗೆಗೆ ಹೋಗಿ ವಾಪಸ್ಸು ಬಂದ ಪ್ರತಿ ಪಾತ್ರೆಯನ್ನೂ ಆ ಗೆಣ್ಣಿನಿಂದ ಒಮ್ಮೆ ತಟ್ಟಿ, ತಲೆ ವಾಲಿಸಿ ಕೇಳುತ್ತಿದ್ದರು. ಸದ್ದು ಉದ್ದಕ್ಕೆ ಹರಿದರೆ ಪಾತ್ರೆ ಒಳಗೆ ಹೋಗುತ್ತಿತ್ತು. ಮಧ್ಯದಲ್ಲೇ ಒಡೆದರೆ ಎಲ್ಲೋ ಬಿರುಕಿದೆ ಎಂದು ಪಕ್ಕಕ್ಕಿಡುತ್ತಿದ್ದರು.

ಚಾಮರಾಜಪೇಟೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆಗೆ ಅವರ ಅಂಗಡಿ. ಮದುವೆ, ನಾಮಕರಣಗಳಿಗೆ ಹಂಡೆ, ಕೊಳದಪ್ಪಲೆ, ಬಕೆಟ್ಟು, ಸೌಟುಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಬೀದಿಗೆಲ್ಲ ಅವರು ಪಾತ್ರೆ ಅಂಗಡಿಯಮ್ಮ. ಹಣೆಗೆ ಅಗಲವಾದ ವಿಭೂತಿ, ಸೊಂಟಕ್ಕೆ ಬಿಗಿದು ಸಿಕ್ಕಿಸಿದ ಸೆರಗು. ಮನೆಯ ಗಂಡಸರೆಲ್ಲ ಕಾಟನ್‌ಪೇಟೆಯಲ್ಲಿ ಬಟ್ಟೆ ವ್ಯಾಪಾರದವರು. ಪಾತ್ರೆ ಇವರೊಬ್ಬರ ಹುಚ್ಚು. ತವರಿನವರು ಮದುವೆಗೆ ಕೊಟ್ಟು, ಅಟ್ಟದಲ್ಲಿ ಬಿದ್ದಿದ್ದ ಪಾತ್ರೆಗಳನ್ನೇ ಇಳಿಸಿ ಅಂಗಡಿ ಶುರು ಮಾಡಿದ್ದರಂತೆ.

ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ಪಾತ್ರೆ ಕೊಟ್ಟವರ ಸಮಾರಂಭಕ್ಕೆ ಯಾರೂ ಕರೆಯದಿದ್ದರೂ ಹೋಗುತ್ತಿದ್ದರು. ಊಟಕ್ಕಲ್ಲ, ಛತ್ರದ ಹಿಂಬಾಗಿಲಿಗೆ. ಅಲ್ಲಿ ನಿಂತು ಯಾವ ಪಾತ್ರೆ ಏನು ಮಾಡುತ್ತಿದೆ ಎಂದು ನೋಡಿಕೊಂಡು ಸುಮ್ಮನೆ ಹೊರಟುಬಿಡುತ್ತಿದ್ದರು. ಯಾಕೆಂದು ಕೇಳಿದ್ದೆ.

“ಅಂಗಡೀಲಿ ಕೂತ್ರೆ ಪಾತ್ರೆ ಹೋಗೋದು, ಬರೋದು ಅಷ್ಟೇ ಕಾಣೋದು. ಅಲ್ಲಿ ಹೋಗಿ ಅದು ಏನ್ ಪಾಡು ಪಡ್ತು ಅಂತ ಗೊತ್ತಾಗ್ಬೇಡ್ವಾ?”

ಹಾಗೆ ನೋಡಿಯೇ ಅವರು ಬಡಿಸುವವರ ಕೈ ಸೋಲುವುದನ್ನು ಕಂಡು ಸಾರಿನ ಬಕೆಟ್ಟುಗಳನ್ನು ಚಿಕ್ಕದು ಮಾಡಿಸಿದ್ದರು. ಎಲ್ಲ ಮದುವೆಯಲ್ಲೂ ಸೌಟಿಗಾಗಿ ಜಗಳವಾಗುವುದನ್ನು ಕಂಡು, ಕೇಳಿದ್ದಕ್ಕಿಂತ ನಾಲ್ಕು ಸೌಟು ಹೆಚ್ಚಿಗೇ ಕಳಿಸುತ್ತಿದ್ದರು.

ತೊಂಬತ್ತರ ದಶಕದ ನಡುವೆ ನಾನು ಒಂದು ಖಾಸಗಿ ಶಾಲೆಯ ಗುಮಾಸ್ತೆ ಕೆಲಸ ಬಿಟ್ಟು ಅಡುಗೆ ಕಂಟ್ರಾಕ್ಟಿಗೆ ಇಳಿಯುತ್ತೇನೆಂದು ಮನೆಯಲ್ಲಿ ಹಟ ಹಿಡಿದೆ. ಒಂದು ವರ್ಷ ನೋಡು, ಆಗದಿದ್ದರೆ ಮತ್ತೆ ಕೆಲಸಕ್ಕೆ ಹೋಗು ಎಂದು ಅತ್ತೆ ಗಡುವು ಕೊಟ್ಟರು. ತಯಾರಿಗೆಂದು ಬಸವನಗುಡಿಯಲ್ಲಿ ನಡೆಯುತ್ತಿದ್ದ ಸ್ವಉದ್ಯೋಗ ತರಗತಿಗೂ ಹೋಗಿಬಂದೆ. ಯಶಸ್ವಿ ಉದ್ಯಮಿಗೆ ಇರಬೇಕಾದ ಗುಣಗಳು ಎಂದು ಅಲ್ಲಿ ಬರೆಸಿದ್ದನ್ನು ಪಾತ್ರೆ ಅಂಗಡಿಯಮ್ಮನಿಗೆ ಓದಿ ಹೇಳಿದೆ. ಧೈರ್ಯ, ತಾಳ್ಮೆ, ದೂರದೃಷ್ಟಿ, ನಾಯಕತ್ವ ಎಂದು ಪಟ್ಟಿ ಪುಟದ ಕೊನೆಯವರೆಗೆ ಇತ್ತು. ಅವರು ಕುತೂಹಲದಿಂದಲೇ ಕೇಳಿದರು.

“ಇಷ್ಟೆಲ್ಲಾ ಇರೋರು ಯಾಕಮ್ಮಾ ವ್ಯಾಪಾರ ಮಾಡ್ತಾರೆ? ಮಠ ಕಟ್ಕೊಂಡು ಕೂತ್ಕೋತಾರೆ. ನನಗಂತೂ ಧೈರ್ಯ ಇಲ್ಲ. ಹಲ್ಲಿ ಕಂಡ್ರೆ ಬೀದಿಗೆ ಓಡ್ತೀನಿ.”

“ಹಾಗಾದ್ರೆ ಏನಿರ್ಬೇಕು?”

“ನನಗೇನ್ ಗೊತ್ತು? ಮಾಡಿ, ನೋಡೋಣ.”

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಅಂಗಡಿ ನಡೆಸಿದವರು ಒಂದು ಮಾತು ಹೇಳಬಾರದೇ!

ನನ್ನ ಮೊದಲ ದೊಡ್ಡ ಆರ್ಡರು ಬಸವನಗುಡಿಯ ಸಣ್ಣ ಛತ್ರವೊಂದರಲ್ಲಿ ಒಂದು ನಾಮಕರಣ. ನೂರಿಪ್ಪತ್ತು ಎಲೆ. ಪಾತ್ರೆ ಕೊಡುವಾಗ ಅವರು ಒಂದು ಹಿತ್ತಾಳೆ ಹಂಡೆಯನ್ನು ತೋರಿಸಿ, “ಇದು ಬಿಸಿನೀರಿಗೆ ಮಾತ್ರ. ಒಳಗೆ ಕಲಾಯಿ ಹೋಗಿದೆ, ಹುಳಿ ಹಾಕ್ಬೇಡಿ,” ಎಂದು ಎರಡು ಸಲ ಹೇಳಿದ್ದರು. ನಾನು ಎರಡು ಸಲವೂ ತಲೆಯಾಡಿಸಿದ್ದೆ.

ಬೆಳಿಗ್ಗೆ ಒಂಬತ್ತಕ್ಕೆ ಮಗುವಿನ ತಾತ, ನಿವೃತ್ತ ಹೆಡ್‌ಮಾಸ್ಟರು, ಇನ್ನೂ ಐವತ್ತು ಜನ ಬರುತ್ತಾರೆ ಎಂದರು. ಸಾರಿಗೆ ನೀರು, ಹುಳಿ ಸೇರಿಸಬೇಕಿತ್ತು, ಕೊಳದಪ್ಪಲೆಯಲ್ಲಿ ಜಾಗವಿರಲಿಲ್ಲ. ಗಡಿಬಿಡಿಯಲ್ಲಿ ಎದುರಿಗೆ ಕಂಡ ದೊಡ್ಡ ಪಾತ್ರೆಗೆ ಸಾರನ್ನೆಲ್ಲ ಸುರಿದುಬಿಟ್ಟೆ. ಅದು ಅದೇ ಹಂಡೆ. ಹನ್ನೊಂದೂವರೆಗೆ ರುಚಿ ನೋಡಿದರೆ ಬಾಯೆಲ್ಲ ಕಿಲುಬು. ಎಲೆ ಹಾಕಲು ಒಂದು ಗಂಟೆಯೂ ಇರಲಿಲ್ಲ. ಬೆಲ್ಲದ ಉಂಡೆ ಎತ್ತಿಕೊಂಡು ಹಂಡೆಯ ಮುಂದೆ ನಿಂತೆ.

ಹಿಂಬಾಗಿಲಲ್ಲಿ ಅವರು ಬಂದು ನಿಂತಿದ್ದರು. ನನ್ನ ಕೈ ನೋಡಿದರು, ಹಂಡೆ ನೋಡಿದರು. ಒಂದು ಹನಿ ಅಂಗೈಗೆ ಹಾಕಿಸಿಕೊಂಡು ನೆಕ್ಕಿ, ಹೊರಗೆ ಹೋಗಿ ಉಗಿದು ಬಂದರು.

“ಕಿಲುಬು ಬೆಲ್ಲಕ್ಕೆ ಬಗ್ಗಲ್ಲ. ತಿಂದೋರು ವಾಂತಿ ಮಾಡ್ಕೋತಾರೆ. ಚೆಲ್ಲಿ.”

“ಅವರಿಗೆ ಏನಂತ ಹೇಳ್ಲಿ? ಇವತ್ತಿಗೇ ನನ್ನ ಕಥೆ ಮುಗೀತು.”

“ನೀವು ಹೋಗಿ ಹೇಳ್ತೀರೋ, ಎಲೆ ಮುಂದೆ ಕೂತೋರ ಹತ್ರ ಹೇಳಿಸ್ಕೋತೀರೋ?”

“ನೀವೂ ಬನ್ನಿ ಅಮ್ಮಾ, ಪಾತ್ರೇದು ತೊಂದರೆ ಅಂತ...”

“ಪಾತ್ರೆ ನಂದು, ಅಡುಗೆ ನಿಮ್ದು. ನಾನ್ಯಾಕೆ ಬರ್ಲಿ?”

ಬರಲಿಲ್ಲ. ಆ ಕ್ಷಣ ಅವರಷ್ಟು ಕಟುಕರು ಯಾರೂ ಇಲ್ಲವೆನಿಸಿತು. ನಾನೊಬ್ಬಳೇ ಹೋಗಿ, ನೆಂಟರ ನಡುವೆ ಕೂತಿದ್ದ ಹೆಡ್‌ಮಾಸ್ಟರಿಗೆ ಸಾರು ಕೆಟ್ಟಿದೆ, ತಪ್ಪು ನನ್ನದು, ಚೆಲ್ಲುತ್ತಿದ್ದೇನೆ, ಅರ್ಧ ಗಂಟೆ ತಡವಾಗುತ್ತದೆ ಎಂದೆ. ಅವರು ಅಷ್ಟೂ ಜನರೆದುರು ಮಂಗಳಾರತಿ ಎತ್ತಿದರು. ನಮ್ಮ ಮನೆಯ ಮೊದಲ ಮೊಮ್ಮಗುವಿಗೇ ಹೀಗಾಗಬೇಕಿತ್ತೇ ಎಂದರು. ಅಡುಗೆ ಬರದವರು ಒಲೆ ಯಾಕೆ ಹಚ್ಚಬೇಕು ಎಂದರು. ಕಣ್ಣೀರು ಒರೆಸಿಕೊಂಡು ಒಳಗೆ ಬಂದರೆ ಹಂಡೆ ಖಾಲಿಯಾಗಿ ಬೋರಲಾಗಿತ್ತು, ತೊಳೆದ ಕೊಳದಪ್ಪಲೆಯಲ್ಲಿ ನೀರು ಕುದಿಯುತ್ತಿತ್ತು. ಪಾತ್ರೆ ಅಂಗಡಿಯಮ್ಮ ಹೊರಟುಹೋಗಿದ್ದರು. ತೊವ್ವೆಗೆ ಬೆಂದಿದ್ದ ಬೇಳೆಯ ಕಟ್ಟು ತೆಗೆದು, ಪಾನಕಕ್ಕೆ ಇಟ್ಟಿದ್ದ ನಿಂಬೆಹಣ್ಣು ಹಿಂಡಿ ಸಾರು ಮಾಡಿದೆ. ಜನ ಉಂಡರು. ಆ ಮನೆಯವರು ಮತ್ತೆಂದೂ ನನ್ನನ್ನು ಕರೆಯಲಿಲ್ಲ.

ಮರುದಿನ ಪಾತ್ರೆ ಹಿಂತಿರುಗಿಸುವಾಗ, ಜೊತೆಗೆ ಬಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೇಳಿಯೇಬಿಟ್ಟೆ. ಅವರು ಪಾತ್ರೆ ತಟ್ಟುವುದನ್ನು ನಿಲ್ಲಿಸಲಿಲ್ಲ. “ಒಂದ್ಸಲ ಬಂದಿದ್ರೆ ಪ್ರತೀ ಸಲಾನೂ ನನ್ನನ್ನೇ ಹುಡುಕ್ತಿದ್ರಿ.”

ಎರಡು ತಿಂಗಳು ಯಾರೂ ನನ್ನ ಬಾಗಿಲು ತಟ್ಟಲಿಲ್ಲ. ಅತ್ತೆ ಪತ್ರಿಕೆಯ ‘ಬೇಕಾಗಿದ್ದಾರೆ’ ಪುಟವನ್ನು ಮಡಿಸಿ ನನ್ನ ಕಣ್ಣಿಗೆ ಬೀಳುವಲ್ಲಿ ಇಡತೊಡಗಿದರು. ಆಗ ಒಬ್ಬರು ಬಂದು, “ಪಾತ್ರೆ ಅಂಗಡಿಯಮ್ಮ ನಿಮ್ಮ ಹೆಸರು ಹೇಳಿದ್ರು,” ಎಂದರು. ಮುಂದಿನ ತಿಂಗಳು ಇನ್ನಿಬ್ಬರು ಬಂದರು. ಪತ್ರಿಕೆ ಮಡಿಸುವುದು ನಿಂತಿತು. ಹತ್ತು ವರ್ಷ ಹೀಗೇ ನಡೆಯಿತು. ಮಲ್ಲೇಶ್ವರದಿಂದಲೂ ಜನ ಹುಡುಕಿಕೊಂಡು ಬಂದರು. ಏನು ಹೇಳಿ ಕಳಿಸುತ್ತೀರಿ ಎಂದು ಎಷ್ಟು ಸಲ ಕೇಳಿದರೂ “ಇದ್ದಿದ್ದು ಹೇಳ್ದೆ” ಎನ್ನುವುದಕ್ಕಿಂತ ಹೆಚ್ಚು ಬಾಯಿ ಬಿಡಲಿಲ್ಲ. ನನ್ನ ಬೇಳೆ ಹೋಳಿಗೆಯನ್ನು ಹೊಗಳುತ್ತಿರಬೇಕು ಎಂದು ನಾನೇ ತೀರ್ಮಾನಿಸಿಕೊಂಡು ಒಳಗೊಳಗೇ ಬೀಗುತ್ತಿದ್ದೆ.

ಅವರು ಹೆಚ್ಚು ನರಳದೆ, ಒಂದು ವಾರ ಮಲಗಿ ತೀರಿಕೊಂಡರು. ಶಿವಗಣಾರಾಧನೆಯ ದಿನ ಅಡುಗೆ ನನ್ನದೇ. ಅವರ ಪಾತ್ರೆಗಳಲ್ಲೇ ಬೇಯಿಸಿದೆ. ಹಿಂಬಾಗಿಲ ಕಡೆ ಎಷ್ಟು ಸಲ ತಿರುಗಿ ನೋಡಿದೆನೋ. ಪಂಕ್ತಿಯಲ್ಲಿ ಕೂತಿದ್ದ ಒಬ್ಬ ವಕೀಲರು, ಮೂರು ಹೆಣ್ಣುಮಕ್ಕಳ ಮದುವೆಗೂ ನನ್ನಿಂದಲೇ ಅಡುಗೆ ಮಾಡಿಸಿದವರು, ಅನ್ನ ಬಡಿಸುತ್ತಿದ್ದ ನನ್ನನ್ನು ನಿಲ್ಲಿಸಿ ಅಮ್ಮನ ಮಾತು ತೆಗೆದರು. ಅವರನ್ನೂ ನನ್ನಲ್ಲಿಗೆ ಕಳಿಸಿದ್ದು ಪಾತ್ರೆ ಅಂಗಡಿಯಮ್ಮನೇ. ಈಗಲಾದರೂ ತಿಳಿಯಲಿ ಎಂದು, ಕಳಿಸುವಾಗ ಅಮ್ಮ ಏನು ಹೇಳಿದ್ದರು ಎಂದು ಕೇಳಿದೆ. ವಕೀಲರು ನಕ್ಕರು.

“ಅಡುಗೆ ಇವರಿಗಿಂತ ಚೆನ್ನಾಗಿ ಮಾಡೋರು ಮೂರು ಜನ ಇದಾರೆ ಅಂದ್ರು. ಆದ್ರೆ ಕೆಟ್ಟರೆ, ಬಡಿಸೋಕೆ ಮುಂಚೆ ಬಂದು ಹೇಳೋರು ಇವರೊಬ್ಬರೇ. ಯಾರು ಬೇಕು ನೀವೇ ನೋಡ್ಕೊಳಿ ಅಂದ್ರು.”

ಅನ್ನದ ಬಕೆಟ್ಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ನಗು ಬಂತು, ನಗುತ್ತಿರುವಾಗಲೇ ಅಳು ಬಂತು. ಆ ಮೂರು ಜನ ಯಾರು ಎಂದು ಜಗಳ ತೆಗೆಯೋಣವೆಂದರೆ ಅವರಿಲ್ಲ.