ಐದು ಮೂಲೆಯ ಚೌಕಟ್ಟು

ನನಗೆ ಮೊಮ್ಮಗಳು ಹುಟ್ಟಿದಳು! ತಾಯಿ, ಕೂಸು ಇಬ್ಬರೂ ಆರಾಮ. ಕೂಸಿಗೆ ತಲೆ ತುಂಬ ಕೂದಲು. ಕೊಟ್ಟೂರಿನ ಆಸ್ಪತ್ರೆಯ ಆಯಾ ಬಾಗಿಲಿಗೆ ಬಂದು "ಲಕ್ಷ್ಮಿ ಬಂದಾಳ್ರಿ, ಪೇಡೆ ತರ್ರಿ" ಅಂದಳು. ಪೇಡೆ ತರಲು ಅಂತ ಹೊರಟವನು, ಖುಷಿಯೊಳಗೆ ಹೋಗಿ ನಿಂತದ್ದು ನನ್ನ ಬಡಗಿ ಅಂಗಡಿ ಮುಂದೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿನ ಮಾತು ಇದು. ನಾನು ಓದಿದ್ದು ಮೂರನೇ ಕ್ಲಾಸು, ಕಲಿತದ್ದು ಮರಗೆಲಸ. ಮಗಳ ಕೂಸಿಗೆ ಮೊದಲ ತೊಟ್ಟಿಲು ತವರಿನದೇ ಆಗಬೇಕು. ಬಡಗಿಯ ಮನೆಯಾದ ಮೇಲಂತೂ ಕೇಳುವುದೇ ಬೇಡ. ಕೂಸು ನೋಡಲು ಹಡಗಲಿಯಿಂದ ಬಂದ ಬೀಗತಿ, ಅಂದರೆ ಅಳಿಯನ ತಾಯಿ, ಹೊರಡುವಾಗ ಒಂದು ಮಾತು ಹೇಳಿದರು.

"ಬೀಗರ, ತೊಟ್ಟಿಲು ಹೆಂಗರ ಮಾಡ್ರಿ. ಮ್ಯಾಲೆ ತೂಗಹಾಕೋ ಚೌಕಟ್ಟು ಮಾತ್ರ ಐದು ಮೂಲಿದಿರಬೇಕು, ಮೂಲಿಗೊಂದು ಗಿಣಿ. ನಮ್ಮನಿ ಕೂಸುಗಳೆಲ್ಲ ಅದರ ಕೆಳಗ ಮಲಗ್ಯಾವ. ಹಳೇದನ್ನ ಗೆದ್ದಲು ತಿಂತು."

"ಆತ್ ಬಿಡ್ರಿ, ಅದೇನ್ ಮಹಾ!" ಅಂದುಬಿಟ್ಟೆ.

ತೊಟ್ಟಿಲು ಬೇಗ ಮುಗಿಯಿತು. ಗಿಣಿಗಳೂ ಆದವು. ಉಳಿದದ್ದು ಚೌಕಟ್ಟು. ಪಟ್ಟಿಗಳ ತುದಿ ಓರೆ ಕೊಯ್ಯಲು ನನ್ನ ಹತ್ತಿರ ಮೂರು ಹಲಗೆ ಹೊಡೆದ ದೋಣಿಯಂಥ ಪೆಟ್ಟಿಗೆ ಇತ್ತು. ಅದರ ಪಕ್ಕದ ಹಲಗೆಗಳಲ್ಲಿ ಓರೆ ಸೀಳು. ಪಟ್ಟಿ ಒಳಗಿಟ್ಟು ಸೀಳಿನಲ್ಲಿ ಗರಗಸ ಆಡಿಸಿದರೆ ಮುಗೀತು. ನಾಲ್ಕು ಮೂಲೆಯ ಫೋಟೋ ಚೌಕಟ್ಟಿಗೆ ಒಂದು ಸೀಳು, ಎಂಟು ಮೂಲೆಯ ಕನ್ನಡಿ ಚೌಕಟ್ಟಿಗೆ ಇನ್ನೊಂದು. ಕಾಗದದ ಮೂಲೆಯನ್ನು ಒಂದು ಸಲ ಮಡಚಿದರೆ ನಾಲ್ಕರ ಓರೆ, ಮತ್ತೊಂದು ಸಲ ಮಡಚಿದರೆ ಎಂಟರ ಓರೆ. ನನ್ನ ವಿದ್ಯೆಯೆಲ್ಲ ಅರ್ಧ ಮಾಡುವುದರಲ್ಲಿ ಇತ್ತು. ಐದು ಎಂಬುದು ಅರ್ಧಕ್ಕೆ ಸಿಗುವ ಲೆಕ್ಕವಲ್ಲ.

ನಾಲ್ಕರ ಸೀಳಿನಲ್ಲಿ ಕೊಯ್ದೆ. ನಾಲ್ಕು ಪಟ್ಟಿ ತಾವೇ ಕೂಡಿಕೊಂಡವು, ಐದನೆಯದು ಕೈಯಲ್ಲೇ ಉಳಿಯಿತು. ಎಂಟರ ಸೀಳಿನಲ್ಲಿ ಕೊಯ್ದೆ, ಐದೂ ಸೇರಿ ಬಾಯಿ ಬಿಟ್ಟುಕೊಂಡು ಕೂತವು. ಎರಡರ ನಡುವೆ ಅಂದಾಜಿನಿಂದ ಹೊಸ ಸೀಳು ಹಾಕಿದೆ. ಬಾಯಿ ಸಣ್ಣದಾಯಿತು, ಮುಚ್ಚಲಿಲ್ಲ. ಓರೆ ಕೂದಲೆಳೆಯಷ್ಟು ತಪ್ಪಿದರೂ ಐದು ಪಟ್ಟಿಯ ಹತ್ತು ತುದಿಯಲ್ಲಿ ಕೂಡುತ್ತ ಬಂದು ಕೊನೆಯ ಮೂಲೆಯಲ್ಲಿ ಬೆರಳು ತೂರುವಷ್ಟಾಗುತ್ತದೆ. ಒಂದೇ ಚೌಕಟ್ಟಿಗಾಗುವಷ್ಟು ಸಾಗವಾನಿ ಉಳಿಯಿತು. ಮರುದಿನವೇ ಕೂಸನ್ನು ತೊಟ್ಟಿಲಿಗೆ ಹಾಕುವುದು.

"ಪಕ್ಕದ ಮನೇರ ನಾಲ್ಕು ಮೂಲಿ ಚೌಕಟ್ಟರ ಕೇಳಿ ಬರ್ಲೇನ್ರಿ?" ಅಂದಳು ನನ್ನ ಹೆಂಡತಿ. ಬಡಗಿಯ ಮೊಮ್ಮಗಳು ಮಂದಿ ಚೌಕಟ್ಟಿನ ಕೆಳಗೆ!

ಮಧ್ಯಾಹ್ನದ ಬಸ್ಸಿಗೆ ಬೀಗರ ಮನೆಯವರು ಬಂದಿಳಿದರು. ಬೀಗತಿ ನೆಲದ ಮೇಲಿನ ಪಟ್ಟಿಗಳನ್ನು ನೋಡಿದರು.

"ಏನ್ರಿ ಬೀಗರ, ಇದು ಚೌಕಟ್ಟೋ, ಕುದುರಿ ಲಾಳಾನೋ?"

"ನಿಮ್ಮನಿ ಪದ್ಧತಿ ನಮ್ಮ ಗರಗಸಕ್ಕ ಒಗ್ಗವಲ್ದು ನೋಡ್ರಿ. ಐದು ಅಂದ್ರ ಸಾಕು, ಬಾಯಿ ತಗೀತೈತಿ."

"ಮಾಡಿದವರ ಗುಣ ಬಂದೈತಿ ಬಿಡ್ರಿ."

ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ಬೀಗತಿ ಗೋಡೆಗೆ ಒರಗಿ, ಕೂಸಿಗೆ ಗಿಲಕಿ ಹೆಣೆಯಲು ಈಚಲ ಗರಿ ಬಿಚ್ಚಿದರು. ಒಂದು ಗರಿಗೆ ಸಡಿಲ ಗಂಟು ಹಾಕಿ, ಮೆಲ್ಲಗೆ ಎಳೆದು, ಹೆಬ್ಬೆರಳಿನಿಂದ ಚಪ್ಪಟೆ ಒತ್ತಿದರು. ನಾನು ಸುಮ್ಮನೆ ನೋಡುತ್ತಿದ್ದೆ. ಗಂಟಿಗೆ ಐದು ಮೂಲೆ ಇದ್ದವು. ಮತ್ತೆ ಎಣಿಸಿದೆ. ಐದೇ.

"ಅದನ್ನ ಇತ್ತ ಕೊಡ್ರಿ!"

"ಕೂಸಿಂದ್ರಿ ಅದು. ನೀವು ಆಡ್ತೀರೇನು?"

ಹಳೇ ಪೇಪರಿನಿಂದ ಒಂದೇ ಅಗಲದ ಪಟ್ಟಿ ಹರಿದು, ಹಾಗೆಯೇ ಗಂಟು ಹಾಕಿ ಒತ್ತಿದೆ. ಎರಡು ಬಾಲ ಕತ್ತರಿಸಿದೆ. ಐದು ಬದಿಯೂ ಸಮ. ಒಂದು ಮೂಲೆಯಿಂದ ಎದುರು ಬದಿಯ ನಡುವಿಗೆ ಸರಿಯಾಗಿ ಮಡಚಿದಾಗ ಆ ಮೂಲೆ ಎರಡು ಪಾಲಾಯಿತು. ನನಗೆ ಬೇಕಾದ ಓರೆ ಅದೇ. ಅದರ ಗುರುತಿಗೆ ಪೆಟ್ಟಿಗೆಯಲ್ಲಿ ಸೀಳು ಹಾಕಿ, ಮೊದಲು ಬೇವಿನ ಚೂರುಗಳನ್ನು ಕೊಯ್ದು ಜೋಡಿಸಿದೆ. ಬಾಯಿ ಮುಚ್ಚಿತು. ಆಮೇಲೆ ಸಾಗವಾನಿಗೆ ಗರಗಸ ಹಚ್ಚಿದೆ. ಅದೂ ಕೂಡಿತು, ಉಗುರು ತೂರಲಿಲ್ಲ. ಗಂಟಿನೊಳಗೆ ಐದು ಹೇಗೆ ಬರುತ್ತದೆ ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.

ಬೀಗತಿ ಒಂದೊಂದು ಮೂಲೆಯ ಮೇಲೂ ಬೆರಳಾಡಿಸಿದರು. "ಚಲೋ ಆಗೇತ್ರಿ" ಅಂದರು. ಚೇಷ್ಟೆ ಮಾಡಲಿಲ್ಲ.

ಮರುದಿನ ಸಂಜೆ ಹೆಣ್ಣುಮಕ್ಕಳು ಜೋಗುಳ ಹಾಡಿ ಕೂಸನ್ನು ಮಲಗಿಸಿದರು. ಗಿಣಿಗಳು ತಿರುಗುವುದನ್ನು ನೋಡುತ್ತ ಅದು ನಿದ್ದೆಹೋಯಿತು. ನಾವೆಲ್ಲ ಎರಡೂ ಮನೆಯವರು ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಹೋಳಿಗೆ, ತುಪ್ಪ, ಕಟ್ಟಿನ ಸಾರು. ನಾನು ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದರೂ ಬಡಿಸಲು ಎದ್ದ ಬೀಗತಿ ಕೇಳದೆ ಇನ್ನೊಂದು ಹೋಳಿಗೆ ಬಡಿಸಿದರು. "ಉಣ್ರಿ ಅಜ್ಜಾರ" ಅಂದರು. ಹಾಗೆ ನನ್ನನ್ನು ಮೊದಲು ಕರೆದವರು ಅವರೇ. ಉಂಡೆ.