ಆಪರೇಷನ್ ಮಾಡಲು ಒಪ್ಪದ ಮೇಡಂ

ಮೊದಲು ನೋವು ಗೊತ್ತಾಗಿದ್ದು ಬ್ಯಾಗಿನ ಪಟ್ಟಿಯಿಂದ.

ನಾನು ಬಸ್ ಕಂಡಕ್ಟರ್. ಔರಾದಿನಿಂದ ಠಾಣಾ ಕುಶನೂರ ಮಾರ್ಗವಾಗಿ ಭಾಲ್ಕಿಗೆ ಹೋಗಿ ಬರುವ ಗಾಡಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಚರ್ಮದ ಬ್ಯಾಗಿನ ಪಟ್ಟಿ ಬಲ ಹೆಗಲಿನಿಂದ ಇಳಿದು, ಎದೆಯ ಮೇಲೆ ಅಡ್ಡ ಹಾಯ್ದು ಎಡ ಸೊಂಟಕ್ಕೆ ಬರುತ್ತದೆ. ಆ ಬೇಸಿಗೆಯ ಒಂದು ಬೆಳಿಗ್ಗೆ ಕುಶನೂರ ಸ್ಟಾಪಿನಲ್ಲಿ ಜನ ಒಮ್ಮೆಲೇ ಹತ್ತಿದರು. ಯಾರದೋ ಗಂಟು ಆ ಪಟ್ಟಿಯನ್ನು ನನ್ನ ಎದೆಗೆ ಒತ್ತಿತು. ಕಣ್ಣಲ್ಲಿ ನೀರು ಬಂತು. ಕುರು ಎದ್ದಿರಬೇಕು ಅಂದುಕೊಂಡೆ. ಭಾಲ್ಕಿ ಸ್ಟ್ಯಾಂಡಿನಲ್ಲಿ ಇಳಿದು, ಗೋಡೆಯ ಹಿಂದೆ ನಿಂತು ಅಂಗಿಯೊಳಗೆ ಕೈ ಹಾಕಿ ನೋಡಿದೆ. ಎಡ ಮೊಲೆತೊಟ್ಟಿನ ಕೆಳಗೆ ಸಣ್ಣದೊಂದು ಗಟ್ಟಿ ಗಡ್ಡೆ. ಮುಟ್ಟಿದರೆ ಜೀವ ಹೋಗುವಷ್ಟು ನೋವು.

ಎರಡು ತಿಂಗಳಲ್ಲಿ ಅದು ಗಡ್ಡೆಯಾಗಿ ಉಳಿಯಲಿಲ್ಲ. ಎರಡೂ ಕಡೆ ಬೆಳೆಯಿತು.

ಮೂವತ್ತೆಂಟು ವರ್ಷದ ನನಗೆ ಮೊಲೆ ಬಂದಿತ್ತು.

ಈ ಸಾಲನ್ನು ಬರೆಯಲು ಈಗ ನಾಚಿಕೆಯಿಲ್ಲ. ಆಗ ಇದನ್ನು ಮನಸ್ಸಿನಲ್ಲಿ ಅಂದುಕೊಳ್ಳಲೂ ಆಗುತ್ತಿರಲಿಲ್ಲ.

ಅದು ಬರ ಬಿದ್ದ ಎರಡನೇ ವರ್ಷ. ನಮ್ಮ ಗಾಡಿಯಲ್ಲಿ ದಿನವೂ ಗಂಟುಮೂಟೆ, ಹಾಸಿಗೆ, ಹಿಟ್ಟಿನ ಡಬ್ಬಿ ಹೊತ್ತ ಕುಟುಂಬಗಳು ಭಾಲ್ಕಿ ಸ್ಟೇಷನ್ನಿಗೆ ಹೊರಟಿರುತ್ತಿದ್ದವು. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ. ಆ ವರ್ಷ ಎಲ್ಲರ ಮೈಯೂ ಇಳಿದಿತ್ತು. ಹಾಗಾಗಿ ನನ್ನ ಮೈ ಇಳಿದದ್ದನ್ನು ಯಾರೂ ರೋಗ ಅನ್ನಲಿಲ್ಲ. ಬೆವರು ಬಂದರೆ ಬಿಸಿಲು ಅಂದೆ. ಎದೆ ಹೊಡೆದುಕೊಂಡರೆ ಗಾಡಿಯ ಗದ್ದಲ ಅಂದೆ. ಟಿಕೆಟ್ ಮಷಿನ್ ಹಿಡಿದ ಬೆರಳು ನಡುಗಿದರೆ ರಸ್ತೆಯ ಗುಂಡಿ ಅಂದೆ.

ಹಸಿವು ಮಾತ್ರ ವಿಪರೀತ. ಡ್ರೈವರ್ ಖಾಜಾಭಾಯಿ ನನ್ನ ಬುತ್ತಿ ನೋಡಿ ನಗುತ್ತಿದ್ದರು.

“ಕ್ಯಾ ಪ್ರಭು ಭಾಯ್, ಆರು ರೊಟ್ಟಿ ತಿಂತೀರಿ, ಮೈಯಾಗ ನೋಡಿದ್ರ ಬರೀ ಎಲುಬು ಕಾಣ್ತಾವ. ತಿಂದದ್ದು ಎಲ್ಲಿ ಹೋಗ್ತದ?”

ಎಲ್ಲಿ ಹೋಗುತ್ತಿದೆ ಎಂದು ನನಗೆ ಗೊತ್ತಿದೆ ಅನ್ನಿಸುತ್ತಿತ್ತು. ಬ್ಯಾಗನ್ನು ಎದೆಗೆ ಅಡ್ಡ ಎಳೆದುಕೊಂಡು ನಾನೂ ನಗುತ್ತಿದ್ದೆ.

ಬಚ್ಚಿಡುವುದೇ ನನ್ನ ನಿತ್ಯದ ಕೆಲಸವಾಯಿತು. ಒಂದರ ಮೇಲೊಂದು ಎರಡು ಬನಿಯನ್ ಹಾಕಿದೆ. ಒಂದು ಸೈಜು ದೊಡ್ಡ ಅಂಗಿ ಹೊಲಿಸಿದೆ. ಕಿಕ್ಕಿರಿದ ಗಾಡಿಯಲ್ಲಿ ಹೆಂಗಸರ ನಡುವೆ ಹಾಯುವಾಗ ಮುಟ್ಟಬಾರದೆಂದು ಮೊದಲಿನಿಂದಲೂ ಮೈ ಹಿಡಿ ಮಾಡಿಕೊಂಡು ಹೋಗುತ್ತಿದ್ದವನು, ಈಗ ಗಂಡಸರ ನಡುವೆಯೂ ಹಾಗೆಯೇ ಹೋಗತೊಡಗಿದೆ. ಆರು ವರ್ಷದ ಮಗಳು ಓಡಿ ಬಂದು ಎದೆಗೆ ಬೀಳುವಳು. ನಾನು ಎರಡೂ ಕೈ ಚಾಚಿ ದೂರದಲ್ಲೇ ತಡೆಯುವೆ. ಅವಳು ಕೆಲವು ದಿನ ಅತ್ತಳು. ಆಮೇಲೆ ಓಡಿ ಬರುವುದನ್ನೇ ಬಿಟ್ಟಳು.

ಅದು ನೋವಿಗಿಂತ ಹೆಚ್ಚು ನೋವಾಯಿತು.

ಮೊಬೈಲಿನಲ್ಲಿ ಹುಡುಕಿ, ಬೀದರಿನ ಒಂದು ಖಾಸಗಿ ಆಸ್ಪತ್ರೆಗೆ ವಾರಕ್ಕೊಮ್ಮೆ ಪ್ಲಾಸ್ಟಿಕ್ ಸರ್ಜನ್ ಬರುತ್ತಾರೆಂದು ತಿಳಿದುಕೊಂಡೆ. ಮನೆಯಲ್ಲಿ ಡಿಪೊ ಕೆಲಸ ಎಂದು ಸುಳ್ಳು ಹೇಳಿ ಹೋದೆ. ಸರ್ಜನ್ ಹೆಂಗಸು. ಅದು ನನಗೆ ಗೊತ್ತಿರಲಿಲ್ಲ. ವಾಪಸು ಬಂದುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಹೆಸರು ಕರೆದರು.

ಮೇಡಂ ಕಲಬುರಗಿ ಕಡೆಯವರು. ಐವತ್ತರ ಆಸುಪಾಸು. ಪರೀಕ್ಷೆ ಮಾಡುವಾಗ ಅವರ ಮುಖದಲ್ಲಿ ಆಶ್ಚರ್ಯವೂ ಇರಲಿಲ್ಲ, ನಗೆಯೂ ಇರಲಿಲ್ಲ.

“ಗಂಡಸರಿಗೂ ಇದು ಆಗ್ತದ್ರಿ. ಗೈನಕೊಮಾಸ್ಟಿಯಾ ಅಂತಾರ. ನೀವೊಬ್ರೇ ಅಲ್ಲ.”

ಆ ಕೊನೆಯ ಮಾತು ಕೇಳಿ ಎಷ್ಟೋ ದಿನದ ಮೇಲೆ ಉಸಿರು ಪೂರ್ತಿ ಬಿಟ್ಟೆ. “ಹಂಗಾರ ಕೊಯ್ದು ತಗೀರಿ ಮೇಡಂ. ಮುಂದಿನ ವಾರ ರಜಾ ಹಾಕೀನಿ” ಅಂದೆ.

ಅವರು ಎರಡೂ ಕೈ ಮುಂದೆ ಚಾಚಲು ಹೇಳಿದರು. ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆಯ ಅಂಚು ಗಾಳಿಗೆ ಸಿಕ್ಕಂತೆ ಪಟಪಟ ನಡುಗಿತು. ಫ್ಯಾನ್ ಬಂದ್ ಮಾಡಿಸಿದರು. ಆಗಲೂ ನಡುಗಿತು. ನಾಡಿ ಹಿಡಿದು ಗಡಿಯಾರ ನೋಡಿದರು. ನಂತರ ಪ್ರಶ್ನೆಗಳು. ಮೈ ಎಷ್ಟು ಇಳಿದಿದೆ? ನಿದ್ದೆ ಬರುತ್ತದೆಯೇ? ದಿನಕ್ಕೆ ಎಷ್ಟು ಸಲ ಹೊರಕಡೆಗೆ ಹೋಗುತ್ತೀರಿ? ಸೆರೆ ಕುಡಿಯುತ್ತೀರಾ? ಯಾವುದಾದರೂ ಗುಳಿಗೆ, ಪುಡಿ, ನಾಟಿ ಔಷಧ? ಒಂದೊಂದಕ್ಕೂ ಉತ್ತರ ಹೇಳುತ್ತಾ, ಎದೆ ತೋರಿಸಲು ಬಂದವನು ಇಡೀ ಮೈಯನ್ನು ಬಿಚ್ಚಿಟ್ಟಂತಾಯಿತು.

“ನಾ ಈಗ ಆಪರೇಷನ್ ಮಾಡಲ್ರಿ.”

“ಯಾಕ್ರಿ ಮೇಡಂ?”

“ನಿಮ್ಮ ನಾಡಿ ಕೂತಲ್ಲೇ ನೂರಾ ಇಪ್ಪತ್ತು ಓಡ್ಲತ್ತದ. ನನಗ ಥೈರಾಯ್ಡ್ ಮ್ಯಾಲ ಅನುಮಾನ ಅದ. ಅದು ಹದ್ದುಬಸ್ತಿನಾಗ ಇರಲಾರದೆ ಮಂಪರು ಔಷಧ ಕೊಟ್ರ ಹಾರ್ಟಿಗೇ ಅಪಾಯ. ಅದಲ್ದೆ, ಮೂಲ ಕಾರಣ ಹಂಗೇ ಇಟ್ಟು ಮ್ಯಾಲಿಂದಷ್ಟೇ ತಗದ್ರ ಮತ್ತ ಬರಬಹುದು. ಕಾರಣಕ್ಕ ಔಷಧ ಕೊಟ್ರ ಕೆಲವರಿಗೆ ತಾನೇ ಇಳೀತದ, ಕೊಯ್ಯೋದೇ ಬೇಕಾಗಲ್ಲ.”

ರಕ್ತ ಪರೀಕ್ಷೆ ಬರೆದರು. ವೃಷಣದಲ್ಲಿ ಗಡ್ಡೆಯಿದ್ದರೂ ಹೀಗಾಗಬಹುದು, ಅದಿಲ್ಲವೆಂದು ಖಾತ್ರಿಯಾಗಲಿ ಎಂದು ಅಲ್ಲಿನ ಸ್ಕ್ಯಾನನ್ನೂ ಬರೆದರು. ನಾನು ತಲೆ ಎತ್ತಲಿಲ್ಲ.

“ಮನ್ಯಾಗ ಗೊತ್ತದಾ?” ಅಂದರು.

“ಇಲ್ರಿ.”

“ಹೇಳ್ರಿ. ಮುಂದಿನ ಸಲ ಅವರನ್ನೂ ಕರಕೊಂಡು ಬರ್ರಿ.”

ಹೊರಗೆ ಬಂದಾಗ ನನಗೆ ಬಂದದ್ದು ಸಿಟ್ಟು. ಇಷ್ಟು ನಾಚಿಕೆ ಬಿಟ್ಟು ಹೋಗಿ ಮೈ ತೋರಿಸಿದ್ದಕ್ಕೆ ಸಿಕ್ಕಿದ್ದು ಇಲ್ಲ ಅನ್ನುವ ಮಾತು. ಚೀಟಿಯನ್ನು ಮಡಚಿ ಜೇಬಿಗೆ ತುರುಕಿದೆ. ಸ್ಟ್ಯಾಂಡಿನಲ್ಲಿ ಕೂತು ಹೈದರಾಬಾದಿನ ಒಂದು ಕಾಸ್ಮೆಟಿಕ್ ಸೆಂಟರಿಗೆ ಫೋನ್ ಹಚ್ಚಿದೆ. ಆ ಕಡೆಯ ದನಿ ಬಹಳ ಮೃದುವಾಗಿತ್ತು. ಸೋಮವಾರ ಬನ್ನಿ, ಸಂಜೆ ಮನೆಗೆ ಹೋಗಬಹುದು ಅಂದರು. ನಾಡಿ ಕೇಳಲಿಲ್ಲ. ಕೈ ನಡುಗುತ್ತದೆಯೇ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದೇ ನನಗೆ ಆಗ ದೊಡ್ಡ ಉಪಕಾರವೆನಿಸಿತು. ಆಯಿತು ಅಂದೆ.

ಮರುದಿನ ನೀರಿನ ಟ್ಯಾಂಕರ್ ಬರುವ ದಿನ. ಔರಾದಿನ ನಮ್ಮ ಓಣಿಗೆ ಆಗ ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್. ಮನೆಗೆ ಎಂಟು ಕೊಡ. ಅದರಲ್ಲೇ ಕುಡಿಯುವುದು, ತೊಳೆಯುವುದು. ನನ್ನ ಹೆಂಡತಿ ಸಂಗೀತಾ ಬಟ್ಟೆ ನೆನೆಯಿಡುತ್ತಿದ್ದವಳು ಒಳಗೆ ಬಂದಳು. ಒಂದು ಕೈಯಲ್ಲಿ ನನ್ನ ಬನಿಯನ್‌ಗಳು. ಇನ್ನೊಂದರಲ್ಲಿ ಅಂಗಿಯ ಜೇಬಿನಲ್ಲಿ ಸಿಕ್ಕ ಚೀಟಿ.

“ಇಂಥ ನೀರಿನ ತ್ರಾಸಿನಾಗ ದಿನಾ ಎರಡೆರಡು ಬನಿಯನ್ ಯಾಕ ಹಾಕ್ತೀರಿ ಅಂತ ಕೇಳಬೇಕಂತ ಎರಡು ತಿಂಗಳಿಂದ ಮಾಡ್ಲತ್ತೀನಿ. ಇದೇನ್ರಿ ಚೀಟಿ?”

ಸುಳ್ಳು ಹುಡುಕಿದೆ. ಸಿಗಲಿಲ್ಲ. ಬಾಗಿಲು ಮುಂದೆ ಮಾಡಿ ಅಂಗಿ ಬಿಚ್ಚಿದೆ.

ಅವಳು ನೋಡಿದಳು. ಹತ್ತಿರ ಬಂದು ಹಿಂಗೈಯಿಂದ ಮೆಲ್ಲಗೆ ಮುಟ್ಟಿದಳು. “ನೋಯ್ತದೇನು?” ಅಂದಳು.

ಅದೊಂದೇ ಪ್ರಶ್ನೆ. ನಾನು ಅಳತೊಡಗಿದೆ.

ಸೆರಗಿನಿಂದ ನನ್ನ ಕಣ್ಣೊರೆಸುತ್ತಾ ಅವಳು ಹೇಳಿದಳು: “ನಾ ಏನೇನೋ ತಿಳ್ಕೊಂಡಿದ್ದೆ. ನನ್ನ ಹತ್ತಿರ ಬರಲಾಕ ಇವರಿಗೆ ಮನಸ್ಸಿಲ್ಲ, ಭಾಲ್ಕ್ಯಾಗ ಯಾರರ ಇರಬೇಕು ಅಂತ. ಇಷ್ಟಕ್ಕ ಹಿಂಗ ಮಾಡ್ತಾರೇನ್ರಿ?”

ಹೈದರಾಬಾದಿನ ಸೋಮವಾರದ ಸಂಗತಿಯನ್ನೂ ಹೇಳಿದೆ. ಅವಳು ಚೀಟಿಯನ್ನು ಬಿಡಿಸಿ, ಅರ್ಥವಾಗದ ಅಕ್ಷರಗಳ ಮೇಲೆ ಬೆರಳು ಆಡಿಸಿದಳು. “ಒಬ್ಬರು ನೋಡಿ ಬ್ಯಾಡ ಅಂದಾರ. ಇನ್ನೊಬ್ಬರು ನೋಡಲಾರದೆ ಬರ್ರಿ ಅಂದಾರ. ಮೊದಲು ಇದು ಮಾಡಸೋಣ್ರಿ. ಸೋಮವಾರ ಎಲ್ಲಿ ಓಡಿ ಹೋಗ್ತದ?”

ಇಬ್ಬರೂ ಬೀದರಿಗೆ ಹೋದೆವು. ರಕ್ತ ಕೊಟ್ಟು, ಸ್ಕ್ಯಾನ್ ಮುಗಿಸಿ, ರಿಪೋರ್ಟ್ ಬರುವತನಕ ಗಾಂಧಿ ಗಂಜಿನ ಕಾಳಿನ ಪೇಟೆಯ ಕಡೆ ಸುಮ್ಮನೆ ಅಡ್ಡಾಡಿದೆವು. ಚೀಲಗಳಿಂದ ತುಂಬಿರಬೇಕಾದ ಕಟ್ಟೆಗಳು ಅರ್ಧ ಖಾಲಿ. ಕೈಗಾಡಿಗಳ ಮೇಲೆ ಹಮಾಲರು ಮಲಗಿದ್ದರು. ಸಂಗೀತಾ ನನ್ನ ಪಕ್ಕದಲ್ಲೇ, ಮೈಗೆ ಮೈ ತಾಗುವಂತೆ ನಡೆದಳು. ಮದುವೆಯಾದ ಹೊಸದರಲ್ಲೂ ನಾವು ಪೇಟೆಯಲ್ಲಿ ಹಾಗೆ ನಡೆದವರಲ್ಲ.

ಸ್ಕ್ಯಾನ್ ನಾರ್ಮಲ್. ಥೈರಾಯ್ಡ್ ವಿಪರೀತ ಹೆಚ್ಚು.

ಮೇಡಂ ರಿಪೋರ್ಟನ್ನು ನಮ್ಮ ಕಡೆ ತಿರುಗಿಸಿ, ಇರಬೇಕಾದದ್ದು ಎಷ್ಟು, ನನ್ನದು ಎಷ್ಟು ಎಂದು ಪೆನ್ನಿನಿಂದ ತೋರಿಸಿದರು. ನಾನು ಹೈದರಾಬಾದಿನ ಮಾತು ತೆಗೆದೆ. ಅವರು ಬೈಯಲಿಲ್ಲ. “ಅಲ್ಲೂ ಟೇಬಲ್ ಮ್ಯಾಲ ಹಾಕೋಕಿಂತ ಮೊದಲು ಯಾರರ ನೋಡಿ ತಡೀತಿದ್ರೇನೋ. ತಡೀಲಾರದೆ ಇದ್ರ ಕಷ್ಟ ಆಗ್ತಿತ್ತು” ಅಂದಷ್ಟೇ ಹೇಳಿ, ಅದೇ ಆಸ್ಪತ್ರೆಯ ಫಿಜಿಷಿಯನ್ ಹತ್ತಿರ ಕಳಿಸಿದರು. ಸಂಗೀತಾ ಕುರ್ಚಿಯ ಕೆಳಗೆ ನನ್ನ ಕೈ ಗಟ್ಟಿ ಹಿಡಿದಳು.

ಗುಳಿಗೆ ಶುರುವಾದವು. ಅವು ಅಪರೂಪಕ್ಕೆ ರಕ್ತದ ಬಿಳಿಕಣ ಇಳಿಸಬಹುದು, ಗಂಟಲು ನೋವು, ಜ್ವರ ಬಂದರೆ ಆ ದಿನವೇ ಬಂದು ರಕ್ತ ಕೊಡಬೇಕು ಎಂದು ಫಿಜಿಷಿಯನ್ ಎರಡೆರಡು ಸಲ ಹೇಳಿದರು. ಒಮ್ಮೆ ಹಾಗೆ ಬಂದಿತ್ತು. ಹೆದರಿಕೊಂಡೇ ಹೋದೆವು. ಬರೀ ನೆಗಡಿ. ಖಾಜಾಭಾಯಿಗೂ ಹೇಳಿಬಿಟ್ಟೆ, ಎಲ್ಲವನ್ನೂ. ಅವರು ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡೇ ಪೂರ್ತಿ ಕೇಳಿದರು. “ಅಲ್ಲಾ ರಹಮ್ ಕರೆ. ನಾ ಸುಮ್ನ ರೊಟ್ಟಿ ಎಣಿಸ್ಕೋತ ಕೂತಿದ್ದೆ ಭಾಯ್” ಅಂದರು. ಅವತ್ತಿನಿಂದ ಗಾಡಿ ತುಂಬಿ ತುಳುಕುವಾಗ, ನಾನು ಟಿಕೆಟ್ ಮುಗಿಸಿ ಬರುವತನಕ ನಿಧಾನವಾಗಿಯೇ ಓಡಿಸುತ್ತಿದ್ದರು.

ಮೊದಲು ಹೋದದ್ದು ಬೆವರು. ಆಮೇಲೆ ಎದೆಬಡಿತ ತಗ್ಗಿತು. ಮೂರನೇ ತಿಂಗಳಿಗೆ ಕೈ ನಡುಗುವುದು ನಿಂತಿತು. ಊಟ ಮೂರು ರೊಟ್ಟಿಗೆ ಇಳಿದು, ಮೈ ಮಾತ್ರ ತುಂಬಿಕೊಂಡಿತು. ಎದೆಯ ನೋವು ಯಾವ ದಿನ ಹೋಯಿತೋ ಗೊತ್ತಿಲ್ಲ. ಒಂದು ಮಧ್ಯಾಹ್ನ ಮಗಳು ಎದೆಯ ಮೇಲೆ ಮಲಗಿ ನಿದ್ದೆ ಹೋಗಿದ್ದಳು, ಎಷ್ಟೋ ಹೊತ್ತಿನ ಮೇಲೆ ನನಗೆ ಅದರ ಅರಿವಾಯಿತು. ಏಳಿಸಲಿಲ್ಲ. ಮುಂದಿನ ವರ್ಷ ಮಳೆ ಹಿಡಿಯಿತು. ಹೋದವರಲ್ಲಿ ಕೆಲವರು ನಮ್ಮ ಗಾಡಿಯಲ್ಲೇ ಊರಿಗೆ ಮರಳಿದರು. ಕೆಲವರು ಮರಳಲಿಲ್ಲ.

ಮೊನ್ನೆ ಮೊನ್ನೆ ಮತ್ತೆ ಮೇಡಂ ಹತ್ತಿರ ಹೋಗಿದ್ದೆವು. ಎಡಗಡೆ ಪೂರ್ತಿ ಇಳಿದಿದೆ. ಬಲಗಡೆ ಸ್ವಲ್ಪ ಉಳಿದಿದೆ. ಅದು ಇನ್ನು ಗುಳಿಗೆಗೆ ಹೋಗಲಿಕ್ಕಿಲ್ಲ ಅಂದರು.

“ಈಗ ರಿಪೋರ್ಟ್ ಎಲ್ಲಾ ಚಂದ ಅವ. ಈಗ ಮಾಡಬಹುದು. ಬೇಕೇನ್ರಿ?”

ಒಂದೂವರೆ ವರ್ಷದ ಹಿಂದೆ ಈ ಮಾತು ಕೇಳಿದ್ದರೆ ನಡೆದಲ್ಲ, ಓಡಿ ಹೋಗಿ ಟೇಬಲ್ ಮೇಲೆ ಮಲಗುತ್ತಿದ್ದೆ. ಈಗ ಯೋಚನೆ ಬಂತು.

“ಹಂಗೇ ಬಿಟ್ರ ಏನರ ಅಪಾಯ ಅದಾರಿ?”

“ಏನಿಲ್ರಿ. ನೋಡಾಕಷ್ಟೇ.”

“ಹಂಗಾರ ಸ್ವಲ್ಪ ದಿನ ನೋಡ್ತೇನ್ರಿ ಮೇಡಂ.”

ಅವರು ಜೋರಾಗಿ ನಕ್ಕರು. “ಅವಾಗ ನಾ ಒಲ್ಲೆ ಅಂದೆ. ಈಗ ನೀವಾ?” ಸಂಗೀತಾಳೂ ನಕ್ಕಳು. ಮನಸ್ಸಾದಾಗ ಬರ್ರಿ, ಗುಳಿಗೆ ಮಾತ್ರ ಫಿಜಿಷಿಯನ್ ಬಿಡು ಅನ್ನುವತನಕ ಬಿಡಬೇಡ್ರಿ ಅಂದರು.

ಮಾಡಿಸಿಕೊಳ್ಳುತ್ತೇನೋ ಇಲ್ಲವೋ ಇನ್ನೂ ಗೊತ್ತಿಲ್ಲ. ಥೈರಾಯ್ಡ್ ಮತ್ತೆ ಏರಬಹುದು ಎಂಬ ಹೆದರಿಕೆಯೂ ಹೋಗಿಲ್ಲ. ಆದರೂ ಆ ಮೇಡಂ ಅವತ್ತು ಹೂಂ ಅಂದಿದ್ದರೆ ಏನಾಗುತ್ತಿತ್ತು ಎಂದು ನೆನೆದಾಗ, ಬೀದರಿನ ದಿಕ್ಕಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಈ ದೀಪಾವಳಿಯ ಬೆಳಿಗ್ಗೆ ಅಂಗಳದಲ್ಲಿ ಬರಿಮೈಯಲ್ಲಿ ಕೂತಿದ್ದೆ. ಸಂಗೀತಾ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ಪಕ್ಕದ ಮನೆಯ ಮಾಸ್ತರರು ಗೇಟು ತೆಗೆದು ಒಳಗೆ ಬಂದರು. ಎದೆ ಮುಚ್ಚಲು ನನ್ನ ಕೈ ತಾನಾಗಿ ಮೇಲೆದ್ದಿತು. ಅದೇ ಕೈಯಿಂದ ಕಟ್ಟೆಯನ್ನು ತೋರಿಸಿ, “ಬರ್ರಿ ಮಾಸ್ತರ್, ಕೂಡ್ರಿ” ಅಂದೆ.

ಅವರು ಕೂತರು. ತಮ್ಮ ಹೊಲದ ತೊಗರಿ ಹೂವು ಹಿಡಿದದ್ದನ್ನು ಬಹಳ ಹೊತ್ತು ಹೇಳಿದರು. ನನ್ನ ಎದೆಯ ಕಡೆ ನೋಡಿದರೋ ಇಲ್ಲವೋ, ನಾನು ಗಮನಿಸಲಿಲ್ಲ.